ಡಾಕ್ಟರ್ ಕ್ಯಾಲಿಗರಿಯ ಕ್ಯಾಬಿನೆಟ್

ಜರ್ಮನಿಯ ಆರಂಭಕಾಲದ ಅಪರಾಧ ಮತ್ತು ಭೀತಿ ಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದ ಮೂಕಿ ಚಿತ್ರ. 1920ರ ಫೆಬ್ರುವರಿ 26ರಂದು ಬರ್ಲಿನ್ನಿನ ಮಾರ್ಮೋರ್‌ಹೌಸ್ ಚಿತ್ರಮಂದಿರದಲ್ಲಿ ಮೊದಲು ತೆರೆಕಂಡಿತು. ನಿರ್ದೇಶಕ ರಾಬರ್ಟ್ ವೀನೆ. ಚಿತ್ರಕಥೆ ಹಾನ್ಸ್ ಯಾನೊವಿಟ್ಸ್ ಮತ್ತು ಕಾರ್ಲ್ ಮಾಯರ್ ಅವರದು. ತಯಾರಕರು ಡೆಕ್ಲಾ ಸಂಸ್ಥೆಯವರು. ಓರೆಯಾದ ಗೋಡೆಗಳು, ಚೂಪು ಕಿಟಕಿಗಳು, ಬಣ್ಣದಲ್ಲಿ ಬರೆದ ನೆರಳುಗಳು ತುಂಬಿದ ಇದರ ಸೆಟ್‌ಗಳು ಜರ್ಮನ್ ಅಭಿವ್ಯಕ್ತಿವಾದವನ್ನು ಸಿನಿಮಾಕ್ಕೆ ತಂದವು. ಕಥೆ ಹೇಳುವವನನ್ನೇ ನಂಬಬಹುದೇ ಎಂಬ ಪ್ರಶ್ನೆಯನ್ನು ಕೊನೆಯ ದೃಶ್ಯದಲ್ಲಿ ಎತ್ತುವುದು ಇದರ ಇನ್ನೊಂದು ವೈಶಿಷ್ಟ್ಯ. ನೂರು ವರ್ಷಗಳ ನಂತರವೂ ಈ ಚಿತ್ರ ನೋಡುಗರನ್ನು ಹಿಡಿದಿಡುತ್ತಿರುವುದು ಈ ಎರಡು ಗುಣಗಳು ಒಂದರೊಳಗೊಂದು ಬೆಸೆದುಕೊಂಡಿರುವುದರಿಂದ.

ಹಿನ್ನೆಲೆ

ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಜರ್ಮನಿ ವಿದೇಶಿ ಚಿತ್ರಗಳ ಆಮದನ್ನು ನಿಷೇಧಿಸಿತು. ಆ ಚಿತ್ರಗಳು ತೆರವು ಮಾಡಿದ ಜಾಗವನ್ನು ತುಂಬಲು ದೇಶೀಯ ತಯಾರಿಕೆ ವೇಗವಾಗಿ ಬೆಳೆಯಿತು. 1917ರ ಡಿಸೆಂಬರಿನಲ್ಲಿ ಉಫಾ ಎಂಬ ದೊಡ್ಡ ಸಂಸ್ಥೆ ಹುಟ್ಟಿಕೊಂಡಿತು. ಎರಿಖ್ ಪೊಮ್ಮರ್ ನಡೆಸುತ್ತಿದ್ದ ಡೆಕ್ಲಾ ಅದಕ್ಕಿಂತ ಚಿಕ್ಕದು. ಮುಂದೆ 1921ರಲ್ಲಿ ಅದೂ ಉಫಾದೊಳಗೆ ಸೇರಿಹೋಯಿತು. 1918ರ ನವೆಂಬರಿನಲ್ಲಿ ಯುದ್ಧ ಸೋಲಿನಲ್ಲಿ ಮುಗಿದು, ಚಕ್ರವರ್ತಿ ಪದತ್ಯಾಗ ಮಾಡಿ, ದೇಶ ಗಣರಾಜ್ಯವಾಯಿತು. ಬೀದಿಯಲ್ಲಿ ಕ್ರಾಂತಿ ಮತ್ತು ಪ್ರತಿಕ್ರಾಂತಿಗಳ ಗುಂಡಿನ ಸದ್ದು, ಮನೆಯಲ್ಲಿ ಕೊರತೆ ಇದ್ದ ದಿನಗಳಲ್ಲೂ ಬರ್ಲಿನ್ನಿನ ಚಿತ್ರಮಂದಿರಗಳು ತುಂಬುತ್ತಿದ್ದವು.

ಅಭಿವ್ಯಕ್ತಿವಾದ ಆ ವೇಳೆಗೆ ಹೊಸದಾಗಿ ಉಳಿದಿರಲಿಲ್ಲ. ಡ್ರೆಸ್ಡೆನ್ನಿನಲ್ಲಿ 1905ರಲ್ಲಿ ಡೀ ಬ್ರ್ಯೂಕೆ ಎಂಬ ಕಲಾವಿದರ ಬಳಗ ಸ್ಥಾಪನೆಯಾದಂದಿನಿಂದ ಚಿತ್ರಕಲೆಯಲ್ಲೂ, ಯುದ್ಧಕಾಲದಲ್ಲಿ ನಾಟಕ ರಂಗದಲ್ಲೂ ಅದು ಬೇರೂರಿತ್ತು. ಕಣ್ಣಿಗೆ ಕಾಣುವ ಲೋಕವನ್ನು ಇದ್ದಂತೆ ನಕಲು ಮಾಡದೆ, ಮನಸ್ಸಿನ ತಳಮಳಕ್ಕೆ ತಕ್ಕಂತೆ ಆಕಾರ ಮತ್ತು ಬಣ್ಣಗಳನ್ನು ಬಾಗಿಸುವುದು ಅದರ ದಾರಿ. ಸಿನಿಮಾ ಮಾತ್ರ ಅಲ್ಲಿಯವರೆಗೆ ಅದರಿಂದ ಬಹುಮಟ್ಟಿಗೆ ದೂರವಿತ್ತು. ಕ್ಯಾಮೆರಾ ಇದ್ದದ್ದನ್ನು ಇದ್ದಂತೆ ತೋರಿಸುವ ಯಂತ್ರ ಎಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ ಈ ಚಿತ್ರ ಕ್ಯಾಮೆರಾದ ಮುಂದಿನ ಲೋಕವನ್ನೇ ಬರೆದು ನಿಲ್ಲಿಸಿತು.

ಚಿತ್ರಕಥೆಗಾರರಿಬ್ಬರೂ ಸಿನಿಮಾಕ್ಕೆ ಹೊಸಬರು. ಬೊಹೀಮಿಯಾದಲ್ಲಿ ಹುಟ್ಟಿದ ಯಾನೊವಿಟ್ಸ್ ಯುದ್ಧದಲ್ಲಿ ಅಧಿಕಾರಿಯಾಗಿದ್ದು, ಯುದ್ಧವಿರೋಧಿಯಾಗಿ ಹಿಂದಿರುಗಿದವನು. ಆಸ್ಟ್ರಿಯಾದ ಮಾಯರ್ ಸೇನೆಯ ಮನೋವೈದ್ಯರ ಪರೀಕ್ಷೆಗಳಿಗೆ ಒಳಗಾಗಿ, ಅವರ ಬಗ್ಗೆ ಕಹಿಯನ್ನು ಉಳಿಸಿಕೊಂಡಿದ್ದವನು. 1918-19ರ ಚಳಿಗಾಲದಲ್ಲಿ ಇಬ್ಬರೂ ಸೇರಿ ಕಥೆಯನ್ನು ಬರೆದರು. ಹ್ಯಾಂಬರ್ಗಿನ ಜಾತ್ರೆಯೊಂದರ ಬಳಿ ನಡೆದ ಕೊಲೆಯ ನೆನಪು ಮತ್ತು ಬರ್ಲಿನ್ನಿನ ಜಾತ್ರೆಯಲ್ಲಿ ಕಂಡ ಸಮ್ಮೋಹನದ ಪ್ರದರ್ಶನ ಈ ಕಥೆಗೆ ಬೀಜವಾದವು ಎಂದು ಯಾನೊವಿಟ್ಸ್ ಮುಂದೆ ಬರೆದಿಟ್ಟಿದ್ದಾನೆ. ಚಿತ್ರದಲ್ಲಿ ಬರುವ ಊರು ಹೋಲ್ಸ್ಟನ್‌ವಾಲ್. ಹ್ಯಾಂಬರ್ಗಿನಲ್ಲಿ ಅದೇ ಹೆಸರಿನ ಬೀದಿಯಿದೆ.

ಕಥೆ

ತೋಟವೊಂದರಲ್ಲಿ ಇಬ್ಬರು ಕುಳಿತಿದ್ದಾರೆ. ಜೇನ್ ಎಂಬ ಬಿಳಿಯುಡುಗೆಯ ಯುವತಿಯೊಬ್ಬಳು ಯಾವುದೋ ಗುಂಗಿನಲ್ಲಿ ಅವರ ಮುಂದೆ ಹಾದುಹೋಗುತ್ತಾಳೆ. ಅವಳು ತನ್ನನ್ನು ಮದುವೆಯಾಗಬೇಕಾದವಳು ಎಂದು ಹೇಳಿ, ಫ್ರಾನ್ಸಿಸ್ ಎಂಬ ಯುವಕ ತನ್ನ ಜೊತೆಯವನಿಗೆ ಹಿಂದಿನ ಕಥೆಯನ್ನು ಬಿಚ್ಚುತ್ತಾನೆ.

ಹೋಲ್ಸ್ಟನ್‌ವಾಲ್ ಊರಿನ ಜಾತ್ರೆಗೆ ಕ್ಯಾಲಿಗರಿ ಎಂಬ ಮುದುಕ ಬರುತ್ತಾನೆ. ಪ್ರದರ್ಶನಕ್ಕೆ ಪರವಾನಗಿ ಕೇಳಲು ಹೋದಾಗ ಊರಿನ ಅಧಿಕಾರಿ ಅವನನ್ನು ಗದರಿ ಅವಮಾನಿಸುತ್ತಾನೆ. ಮರುದಿನ ಆ ಅಧಿಕಾರಿ ಇರಿತದಿಂದ ಸತ್ತುಬಿದ್ದಿರುತ್ತಾನೆ. ಕ್ಯಾಲಿಗರಿಯ ಡೇರೆಯಲ್ಲಿ ನೆಟ್ಟಗೆ ನಿಂತ ಪೆಟ್ಟಿಗೆ. ಅದರೊಳಗೆ ಹುಟ್ಟಿದಂದಿನಿಂದ 23 ವರ್ಷ ನಿದ್ದೆಯಲ್ಲೇ ಇರುವನೆಂದು ಸಾರಲಾಗುವ ಚೇಸರೆ. ಒಡೆಯನ ಅಪ್ಪಣೆಯಾದಾಗ ಕಣ್ಣು ತೆರೆಯುವ ಅವನು ಭವಿಷ್ಯ ಹೇಳುತ್ತಾನೆ. ಫ್ರಾನ್ಸಿಸ್‌ನ ಗೆಳೆಯ ಆಲನ್ ಉತ್ಸಾಹದಲ್ಲಿ ತನ್ನ ಆಯುಸ್ಸೆಷ್ಟು ಎಂದು ಕೇಳಿಬಿಡುತ್ತಾನೆ. ಬೆಳಗಾಗುವವರೆಗೆ ಎಂಬ ಉತ್ತರ ಬರುತ್ತದೆ. ಆ ರಾತ್ರಿಯೇ ಆಲನ್ ಹಾಸಿಗೆಯಲ್ಲಿ ಕೊಲೆಯಾಗುತ್ತಾನೆ.

ಫ್ರಾನ್ಸಿಸ್‌ನೂ ಜೇನ್‌ಳ ತಂದೆಯೂ ಚೇಸರೆಯನ್ನು ಪರೀಕ್ಷಿಸಲು ಹೊರಡುತ್ತಾರೆ. ಅಷ್ಟರಲ್ಲಿ ಮುದುಕಿಯೊಬ್ಬಳನ್ನು ಕೊಲ್ಲಲು ಹೋದ ಕಳ್ಳ ಸಿಕ್ಕಿಬೀಳುತ್ತಾನೆ. ಮೊದಲಿನ ಕೊಲೆಗಳ ಸರಣಿಗೆ ತನ್ನ ಕೃತ್ಯವೂ ಸೇರಿಹೋಗಲಿ ಎಂದು ಲೆಕ್ಕ ಹಾಕಿದ್ದಾಗಿಯೂ, ಆ ಕೊಲೆಗಳು ಮಾತ್ರ ತನ್ನವಲ್ಲವೆಂದೂ ಅವನು ಹೇಳುತ್ತಾನೆ. ಫ್ರಾನ್ಸಿಸ್ ರಾತ್ರಿಯಿಡೀ ಕ್ಯಾಲಿಗರಿಯ ಬಂಡಿಯನ್ನು ಕಿಟಕಿಯಿಂದ ಕಾಯುತ್ತಾನೆ. ಆದರೆ ಪೆಟ್ಟಿಗೆಯಲ್ಲಿ ಮಲಗಿರುವುದು ಚೇಸರೆಯನ್ನು ಹೋಲುವ ಬೊಂಬೆ. ನಿಜವಾದ ಚೇಸರೆ ಜೇನ್‌ಳ ಕೋಣೆಗೆ ನುಗ್ಗಿ ಕತ್ತಿಯೆತ್ತಿದವನು, ಅವಳ ಚೆಲುವಿಗೆ ಮರುಳಾಗಿ ಕೈ ತಡೆದು, ಅವಳನ್ನು ಹೊತ್ತುಕೊಂಡು ಓರೆ ಮಾಡುಗಳ ಮೇಲೆ ಓಡುತ್ತಾನೆ. ಜನ ಬೆನ್ನಟ್ಟಿದಾಗ ಅವಳನ್ನು ಬಿಟ್ಟು, ಸ್ವಲ್ಪ ದೂರ ಹೋಗಿ ಕುಸಿದು ಸಾಯುತ್ತಾನೆ.

ಓಡಿದ ಕ್ಯಾಲಿಗರಿಯನ್ನು ಹಿಂಬಾಲಿಸಿದ ಫ್ರಾನ್ಸಿಸ್ ಮನೋರೋಗಿಗಳ ಆಸ್ಪತ್ರೆಯನ್ನು ಸೇರುತ್ತಾನೆ. ಅಲ್ಲಿನ ಮುಖ್ಯಸ್ಥನೇ ಕ್ಯಾಲಿಗರಿ! ಅವನು ಮಲಗಿರುವಾಗ ಇತರ ವೈದ್ಯರ ನೆರವಿನಿಂದ ಅವನ ಕೋಣೆಯನ್ನು ಶೋಧಿಸಿದಾಗ ಹಳೆಯ ಗ್ರಂಥವೂ ದಿನಚರಿಯೂ ಸಿಗುತ್ತವೆ. ಹಿಂದಿನ ಶತಮಾನದ ಕ್ಯಾಲಿಗರಿ ಎಂಬ ಮಾಂತ್ರಿಕ ನಿದ್ದೆಯಲ್ಲಿ ನಡೆಯುವವನೊಬ್ಬನಿಂದ ಕೊಲೆ ಮಾಡಿಸಿದ್ದನೆಂದು ಓದಿದ ಈ ವೈದ್ಯ, ಅಂಥದೇ ರೋಗಿ ಆಸ್ಪತ್ರೆಗೆ ಬಂದಾಗ ಅದನ್ನು ತಾನೂ ಮಾಡಿನೋಡುವ ಗೀಳಿಗೆ ಬಿದ್ದಿರುತ್ತಾನೆ. ಚೇಸರೆಯ ಹೆಣವನ್ನು ಮುಂದಿಟ್ಟಾಗ ಅವನು ಹುಚ್ಚೆದ್ದು, ಕೈಕಟ್ಟುವ ಅಂಗಿಯಲ್ಲಿ ಬಂಧಿಯಾಗುತ್ತಾನೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ತೋಟದಿಂದ ಎದ್ದ ಫ್ರಾನ್ಸಿಸ್ ಹೋಗುವುದು ಅದೇ ಆಸ್ಪತ್ರೆಯ ಅಂಗಳಕ್ಕೆ. ಅವನೂ ಅಲ್ಲಿಯ ರೋಗಿ. ಚೇಸರೆ ಬದುಕಿದ್ದು, ಹೂ ಹಿಡಿದುಕೊಂಡು ತನ್ನಷ್ಟಕ್ಕೆ ನಿಂತಿದ್ದಾನೆ. ಜೇನ್ ತನ್ನನ್ನು ರಾಣಿಯೆಂದು ಭಾವಿಸಿ ಕುಳಿತಿದ್ದಾಳೆ. ಮೆಟ್ಟಿಲಿಳಿದು ಬರುವ ಮುಖ್ಯ ವೈದ್ಯನ ಮೇಲೆ ಫ್ರಾನ್ಸಿಸ್ ಎರಗುತ್ತಾನೆ. ಈ ಬಾರಿ ಕೈಕಟ್ಟುವ ಅಂಗಿ ಅವನಿಗೇ ಬೀಳುತ್ತದೆ. ಇವನು ನನ್ನನ್ನು ಆ ಹಳೆಯ ಮಾಂತ್ರಿಕನೆಂದು ನಂಬಿದ್ದಾನೆ, ಇನ್ನು ಇವನನ್ನು ಗುಣಪಡಿಸುವ ದಾರಿ ಗೊತ್ತಾಯಿತು ಎಂದು ವೈದ್ಯ ಹೇಳುವಲ್ಲಿಗೆ ಚಿತ್ರ ಮುಗಿಯುತ್ತದೆ.

ಅಪರಾಧ ಕಥೆಯಾಗಿ

ಭೀತಿ ಚಿತ್ರವೆಂದು ಹೆಸರಾದರೂ ಇದರ ಎಲುಬುಗೂಡು ಪತ್ತೇದಾರಿ ಕಥೆಯದು. ಒಂದರ ಹಿಂದೊಂದು ಕೊಲೆ, ಪ್ರತಿ ಕೊಲೆಗೂ ಮೊದಲು ಕಾಣುವ ಉದ್ದೇಶ, ತಪ್ಪಾಗಿ ಸಿಕ್ಕಿಬೀಳುವ ಆರೋಪಿ, ರಾತ್ರಿಯ ಕಾವಲು, ಕಾವಲನ್ನು ಏಮಾರಿಸುವ ಬೊಂಬೆ, ಬೆನ್ನಟ್ಟುವಿಕೆ, ಕೊನೆಗೆ ಕಾಗದಪತ್ರಗಳ ಶೋಧ: ಇವೆಲ್ಲ ಆ ಕಾಲದ ಧಾರಾವಾಹಿ ಚಿತ್ರಗಳ ಪ್ರೇಕ್ಷಕರಿಗೆ ಪರಿಚಿತವಾಗಿದ್ದ ಕೀಲುಗಳು. ಕೊಂದ ಕೈ ಒಬ್ಬನದು, ಕೊಲ್ಲಿಸಿದ ಮನಸ್ಸು ಇನ್ನೊಬ್ಬನದು ಎಂಬ ವಿಂಗಡಣೆ ಇದಕ್ಕೆ ತೂಕ ತಂದಿತು. ಸಮ್ಮೋಹನಕ್ಕೆ ಒಳಗಾದವನು ಅಪರಾಧ ಮಾಡಿದರೆ ಹೊಣೆ ಯಾರದು ಎಂಬುದು 19ನೆಯ ಶತಮಾನದ ಕೊನೆಯಿಂದ ಯುರೋಪಿನ ವೈದ್ಯರೂ ನ್ಯಾಯವಾದಿಗಳೂ ಗಂಭೀರವಾಗಿ ಚರ್ಚಿಸುತ್ತಿದ್ದ ವಿಷಯವಾಗಿತ್ತು.

ಹಿಂಸೆಯನ್ನು ತೋರಿಸುವಲ್ಲಿ ಚಿತ್ರ ಬಹಳ ಸಂಯಮದಿಂದಿದೆ. ಅಧಿಕಾರಿಯ ಕೊಲೆ ತೆರೆಯ ಮೇಲೆ ನಡೆಯುವುದೇ ಇಲ್ಲ. ಅದು ಪತ್ತೆಯಾಗುವುದಷ್ಟೆ ಕಾಣುತ್ತದೆ. ಆಲನ್‌ನ ಕೊಲೆ ಗೋಡೆಯ ಮೇಲಿನ ನೆರಳುಗಳ ಹೆಣಗಾಟವಾಗಿ ಮೂಡುತ್ತದೆ. ಕೊಲೆಗಾರನನ್ನು ನೆರಳಿನಲ್ಲಿ ತೋರಿಸುವ ಈ ವಿಧಾನ ಮುಂದೆ ಅಪರಾಧ ಚಿತ್ರಗಳ ಸಾಮಾನ್ಯ ಭಾಷೆಯಾಯಿತು.

ಕೊನೆಯ ತಿರುವು ಗೊತ್ತಾದ ಮೇಲೆ ಸಾಕ್ಷ್ಯಗಳ ಬೆಲೆಯೇ ಬದಲಾಗುತ್ತದೆ. ಕ್ಯಾಲಿಗರಿ ಅಧಿಕಾರಿಯ ಮುಂದೆ ಅವಮಾನಗೊಂಡ ಗಳಿಗೆಯಲ್ಲಿ ಫ್ರಾನ್ಸಿಸ್ ಅಲ್ಲಿರಲಿಲ್ಲ. ಆಲನ್ ಸಾಯುವಾಗಲೂ, ಜೇನ್‌ಳ ಕೋಣೆಗೆ ಚೇಸರೆ ನುಗ್ಗಿದಾಗಲೂ ಅವನು ಇರಲಿಲ್ಲ. ಆದರೂ ಪ್ರೇಕ್ಷಕರು ಇವನ್ನೆಲ್ಲ ಕಣ್ಣಾರೆ ಕಂಡಂತೆ ನಂಬಿರುತ್ತಾರೆ. ನಂಬಿದ್ದು ಒಬ್ಬ ರೋಗಿಯ ಮಾತನ್ನು ಮಾತ್ರ ಎಂದು ತಿಳಿದಾಗ, ಆಲನ್ ಎಂಬುವನೊಬ್ಬ ನಿಜಕ್ಕೂ ಇದ್ದನೇ, ಕೊಲೆಗಳು ನಡೆದವೇ ಎಂಬುದಕ್ಕೂ ಚಿತ್ರದೊಳಗೆ ಉತ್ತರ ಸಿಗುವುದಿಲ್ಲ.

ಸೆಟ್‌ಗಳು

ಬರ್ಲಿನ್ನಿನ ವೈಸೆನ್ಸೇ ಭಾಗದಲ್ಲಿದ್ದ ಲಿಕ್ಸೀ ಸ್ಟುಡಿಯೋದಲ್ಲಿ 1919ರ ಡಿಸೆಂಬರ್ ಕೊನೆಯಿಂದ 1920ರ ಜನವರಿಯವರೆಗೆ ಚಿತ್ರೀಕರಣ ನಡೆಯಿತು. ಎಲ್ಲ ದೃಶ್ಯಗಳೂ ಒಳಾಂಗಣದವು. ರಸ್ತೆ, ಸೇತುವೆ, ಬೆಟ್ಟ, ಜಾತ್ರೆ ಎಲ್ಲವೂ ಬಟ್ಟೆ ಮತ್ತು ಹಲಗೆಗಳ ಮೇಲೆ ಬಣ್ಣದಿಂದ ಮೂಡಿದವು. ಇವನ್ನು ರೂಪಿಸಿದವರು ಹೆರ್ಮಾನ್ ವಾರ್ಮ್, ವಾಲ್ಟರ್ ರೈಮಾನ್ ಮತ್ತು ವಾಲ್ಟರ್ ರೋರಿಗ್. ರೈಮಾನ್ ಮತ್ತು ರೋರಿಗ್ ಚಿತ್ರಕಾರರು; ವಾರ್ಮ್ ಸೆಟ್ ನಿರ್ಮಾಣದಲ್ಲಿ ಪಳಗಿದವನು. ಸಿನಿಮಾ ಎಂದರೆ ಜೀವ ಬಂದ ರೇಖಾಚಿತ್ರವಾಗಬೇಕು ಎಂಬುದು ವಾರ್ಮ್‌ನ ನಿಲುವಾಗಿತ್ತು. ವಿದ್ಯುತ್ತಿನ ಕೊರತೆಯಿಂದಾಗಿ ಬೆಳಕನ್ನೂ ನೆರಳನ್ನೂ ಬಣ್ಣದಲ್ಲೇ ಬರೆಯಬೇಕಾಯಿತು ಎಂಬ ವಿವರಣೆ ಪೊಮ್ಮರ್‌ನಿಂದ ಬಂದದ್ದು. ಆದರೆ ಬರೆದ ನೆರಳುಗಳು ಚಿತ್ರದ ಒಟ್ಟು ವಿನ್ಯಾಸದೊಂದಿಗೆ ಎಷ್ಟು ಹೊಂದಿಕೊಂಡಿವೆಯೆಂದರೆ, ಅವುಗಳ ಹಿಂದಿನ ಕಲಾತ್ಮಕ ಉದ್ದೇಶ ಎದ್ದು ಕಾಣುತ್ತದೆ.

ಪ್ರತಿ ಸೆಟ್ಟಿಗೂ ಕಥೆಯಲ್ಲಿ ಕೆಲಸವಿದೆ. ಪರವಾನಗಿ ಕೊಡುವ ಅಧಿಕಾರಿ ಕೂರುವ ಆಸನ ಅತಿ ಎತ್ತರ; ಕೇಳಲು ಬಂದವನು ಕೆಳಗೆ ಕುಗ್ಗಿ ನಿಲ್ಲಬೇಕು. ಅಧಿಕಾರದ ದರ್ಪ ಒಂದು ಪೀಠೋಪಕರಣದಲ್ಲೇ ಮೈತಳೆದಿದೆ. ಸೆರೆಮನೆಯ ಕೋಣೆಯಲ್ಲಿ ಕಪ್ಪು ಬಿಳುಪಿನ ಪಟ್ಟೆಗಳು ಮೇಲಿನಿಂದ ಇಳಿದು ಸಂಕೋಲೆಯಲ್ಲಿರುವ ಕಳ್ಳನ ಕಡೆಗೇ ಚೂಪಾಗುತ್ತವೆ. ಜೇನ್‌ಳ ಮನೆಯಲ್ಲಿ ಮಾತ್ರ ಗೆರೆಗಳು ಬಳುಕುತ್ತವೆ, ಬಣ್ಣ ತಿಳಿಯಾಗುತ್ತದೆ. ಕಪ್ಪು ಉಡುಪಿನ ಚೇಸರೆ ಅಲ್ಲಿ ಕಾಲಿಟ್ಟಾಗ ಅಪಾಯಕ್ಕೆ ಬೇರೆ ಸೂಚನೆ ಬೇಕಾಗುವುದಿಲ್ಲ. ಆಸ್ಪತ್ರೆಯ ಅಂಗಳದ ನೆಲದಲ್ಲಿ ಗೆರೆಗಳು ನಡುವಿನಿಂದ ಸುತ್ತಲೂ ಚಿಮ್ಮಿವೆ. ಆ ನಡುವೆ ನಿಂತ ಫ್ರಾನ್ಸಿಸ್ ಬಲೆಯ ಮಧ್ಯೆ ಸಿಕ್ಕವನಂತೆ ಕಾಣುತ್ತಾನೆ.

ಸೆಟ್‌ಗಳ ಈ ವಕ್ರತೆ ಹುಚ್ಚನ ಕಣ್ಣಿಗೆ ಕಂಡ ಲೋಕ ಎಂಬ ಸುಲಭದ ವಿವರಣೆ ಬಹುಕಾಲ ಚಲಾವಣೆಯಲ್ಲಿದೆ. ಆದರೆ ಫ್ರಾನ್ಸಿಸ್‌ನ ಕಥೆ ಮುಗಿದು ವಾಸ್ತವಕ್ಕೆ ಮರಳಿದ ಮೇಲೂ ಆಸ್ಪತ್ರೆಯ ಅಂಗಳ ಹಾಗೆಯೇ ಇರುತ್ತದೆ. ಚಿಮ್ಮುವ ಗೆರೆಗಳೂ ಅವೇ, ಕೈಕಟ್ಟುವ ಅಂಗಿ ಹಾಕಿದವರನ್ನು ಕೂಡುವ ಕೋಣೆಯೂ ಅದೇ. ಹೇಳುವವನ ಮನಸ್ಸು ಮಾತ್ರ ಕೆಟ್ಟಿದ್ದರೆ ಲೋಕ ಈಗ ನೆಟ್ಟಗಾಗಬೇಕಿತ್ತು. ಹಾಗಾಗದಿರುವುದರಿಂದ ಮುಖ್ಯ ವೈದ್ಯನ ಸೌಮ್ಯ ಮುಖವನ್ನು ಪೂರ್ತಿ ನಂಬಲು ನೋಡುಗನಿಗೆ ಸಾಧ್ಯವಾಗುವುದಿಲ್ಲ. ಚಿತ್ರದ ನಿಜವಾದ ಭಯ ಇರುವುದು ಇಲ್ಲಿ.

ಅಭಿನಯ

ಕ್ಯಾಲಿಗರಿಯಾಗಿ ವೆರ್ನರ್ ಕ್ರೌಸ್, ಚೇಸರೆಯಾಗಿ ಕೊನ್ರಾಡ್ ಫೈಟ್ ನಟಿಸಿದರು. ಇಬ್ಬರೂ ಮಾಕ್ಸ್ ರೈನ್‌ಹಾರ್ಟ್‌ನ ರಂಗಭೂಮಿಯಲ್ಲಿ ಪಳಗಿದವರು. ಮುದುಕನಾಗಿ ಕಾಣುವ ಕ್ರೌಸ್‌ಗೆ ಆಗ 35 ವರ್ಷ. ಗುಂಡು ಕನ್ನಡಕ, ಎತ್ತರದ ಟೊಪ್ಪಿ, ಕಪ್ಪು ಗೆರೆ ಎಳೆದ ಬಿಳಿಯ ಕೈಗವಸು, ತಡವರಿಸುವ ಕುಂಟುನಡೆ ಇವೆಲ್ಲ ಸೇರಿ ಅವನ ದೇಹವೂ ಸೆಟ್ಟಿನ ಒಂದು ಭಾಗವಾಯಿತು. ಫೈಟ್‌ನ ಕೆಲಸ ಇನ್ನೂ ಸೂಕ್ಷ್ಮ. ಪೆಟ್ಟಿಗೆಯೊಳಗೆ ಚೇಸರೆ ಎಚ್ಚರಗೊಳ್ಳುವ ಗಳಿಗೆಯಲ್ಲಿ ಕ್ಯಾಮೆರಾ ಅವನ ಮುಖದ ಹತ್ತಿರ ನಿಲ್ಲುತ್ತದೆ. ರೆಪ್ಪೆ ಅದುರಿ, ಕಣ್ಣು ನಿಧಾನಕ್ಕೆ ಅಗಲವಾಗಿ ತೆರೆದು, ನೋಟ ಒಡೆಯನತ್ತ ಹೊರಳುತ್ತದೆ. ಗೋಡೆಗೆ ಮೈಯೊತ್ತಿಕೊಂಡು ಜಾರುವಂತೆ ನಡೆಯುವ ಅವನ ಚಲನೆ ನೃತ್ಯಕ್ಕೆ ಹತ್ತಿರವಾದದ್ದು.

ಫ್ರಾನ್ಸಿಸ್ ಪಾತ್ರದ ಫ್ರೀಡ್ರಿಖ್ ಫೇಹರ್, ಜೇನ್ ಪಾತ್ರದ ಲಿಲ್ ಡಾಗೋವರ್, ಆಲನ್ ಪಾತ್ರದ ಹಾನ್ಸ್ ಹೈನ್ರಿಖ್ ಫಾನ್ ಟ್ವಾರ್ಡೊವ್ಸ್ಕಿ ಅವರ ಅಭಿನಯ ಹೆಚ್ಚಾಗಿ ಆ ಕಾಲದ ವಾಡಿಕೆಯದು. ಇದರಿಂದ ಚಿತ್ರದಲ್ಲಿ ಎರಡು ಶೈಲಿಗಳು ಉಳಿದಿವೆ. ಇದು ಕೊರತೆಯೆಂದು ಹೇಳುವ ವಿಮರ್ಶಕರಿದ್ದಾರೆ. ಆದರೆ ಸಾಧಾರಣ ಮನುಷ್ಯರ ನಡುವೆ ಕ್ಯಾಲಿಗರಿ ಮತ್ತು ಚೇಸರೆ ಬೇರೆಯೇ ಜಾತಿಯ ಜೀವಿಗಳಾಗಿ ಕಾಣಲು ಈ ಅಂತರ ನೆರವಾಗಿದೆ.

ಛಾಯಾಗ್ರಹಣ, ಬಣ್ಣ, ಬರಹ

ವಿಲ್ಲಿ ಹಾಮೈಸ್ಟರ್‌ನ ಕ್ಯಾಮೆರಾ ಬಹುಮಟ್ಟಿಗೆ ನಿಂತಲ್ಲೇ ನಿಂತು, ಎದುರಿನಿಂದ ನೋಡುತ್ತದೆ. ಸೆಟ್ಟಿನ ಬರೆದ ಆಳ ಒಂದೇ ಕೋನದಿಂದ ಮಾತ್ರ ಸರಿಯಾಗಿ ಕಾಣುವಂಥದು. ಆದ್ದರಿಂದ ಕ್ಯಾಮೆರಾ ಅಲುಗದಿರುವುದು ಅನಿವಾರ್ಯವೂ ಆಗಿತ್ತು. ದೃಶ್ಯದ ಮೊದಲು ಕೊನೆಗಳಲ್ಲಿ ವೃತ್ತಾಕಾರದ ಕಿಂಡಿ ತೆರೆದು ಮುಚ್ಚುವ ತಂತ್ರ ಒಂದು ಮುಖವನ್ನೋ ಕೈಯನ್ನೋ ಕತ್ತಲೆಯಿಂದ ಬೇರ್ಪಡಿಸಿ ತೋರುತ್ತದೆ.

ಮೂಕಿ ಕಾಲದ ಹೆಚ್ಚಿನ ಚಿತ್ರಗಳಂತೆ ಇದರ ಪ್ರದರ್ಶನ ಪ್ರತಿಗಳಿಗೂ ಬಣ್ಣ ಹಾಯಿಸಲಾಗಿತ್ತು. ರಾತ್ರಿಗೆ ನೀಲಿ, ಒಳಾಂಗಣಕ್ಕೆ ಕಂದು ಛಾಯೆಗಳಂಥ ಬದಲಾವಣೆಗಳು ಕಾಲವನ್ನೂ ಭಾವವನ್ನೂ ಸೂಚಿಸುತ್ತವೆ. ಮಾತುಗಳನ್ನು ತೋರಿಸುವ ಫಲಕಗಳ ಅಕ್ಷರಗಳು ಕೂಡ ಸೆಟ್ಟಿನಂತೆಯೇ ಮೊನಚಾಗಿ, ಓರೆಯಾಗಿ ಬರೆದವು. ಒಂದೆಡೆ ಬರಹ ಫಲಕವನ್ನು ಬಿಟ್ಟು ದೃಶ್ಯದೊಳಕ್ಕೇ ನುಗ್ಗುತ್ತದೆ. ಗೀಳು ಹಿಡಿದ ವೈದ್ಯನ ಸುತ್ತ ಗಾಳಿಯಲ್ಲಿ, ಮರದಲ್ಲಿ, ಗೋಡೆಯ ಮೇಲೆ ನೀನು ಕ್ಯಾಲಿಗರಿಯಾಗಬೇಕು ಎಂಬ ಅಪ್ಪಣೆ ಮೂಡುತ್ತ ಅವನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಬಿಡುಗಡೆಗೆ ಮೊದಲು ಇದೇ ವಾಕ್ಯವನ್ನು ಬರ್ಲಿನ್ನಿನ ಭಿತ್ತಿಪತ್ರಗಳಲ್ಲಿ ಅಚ್ಚುಹಾಕಿ ಜನರ ಕುತೂಹಲ ಕೆರಳಿಸಲಾಗಿತ್ತು.

ಬಿಡುಗಡೆ ಮತ್ತು ಸ್ವಾಗತ

ಬರ್ಲಿನ್ನಿನಲ್ಲಿ ಚಿತ್ರ ಗಮನ ಸೆಳೆಯಿತು. ಸಿನಿಮಾ ಕಲೆಯಾಗಬಲ್ಲದು ಎಂಬುದಕ್ಕೆ ಇದು ಪುರಾವೆ ಎಂದವರಿದ್ದರು. ಅಭಿವ್ಯಕ್ತಿವಾದವನ್ನು ಹುಚ್ಚಿನ ಅಲಂಕಾರವಾಗಿ ಬಳಸಿ ಅಗ್ಗ ಮಾಡಲಾಗಿದೆ ಎಂದವರೂ ಇದ್ದರು. 1921ರ ಏಪ್ರಿಲ್ 3ರಂದು ನ್ಯೂಯಾರ್ಕಿನ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ಬಿಡುಗಡೆಯಾದಾಗ, ಷೋನ್‌ಬರ್ಗ್, ಡೆಬ್ಯುಸಿ, ಸ್ಟ್ರಾವಿನ್ಸ್ಕಿಯಂಥ ಆಧುನಿಕರ ಕೃತಿಗಳಿಂದ ಆಯ್ದ ಸಂಗೀತವನ್ನು ಜೊತೆಗೆ ನುಡಿಸಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಲಾಸ್ ಏಂಜಲಿಸ್‌ನಲ್ಲಿ, ಯುದ್ಧದ ಶತ್ರುದೇಶದ ಚಿತ್ರವೆಂಬ ಕಾರಣಕ್ಕೆ ಮಾಜಿ ಸೈನಿಕರ ಸಂಘದವರು ಪ್ರತಿಭಟಿಸಿದ್ದರಿಂದ ಪ್ರದರ್ಶನ ನಿಂತಿತು. ಪ್ಯಾರಿಸ್ಸಿನಲ್ಲಿ ವಿಮರ್ಶಕ ಲೂಯಿ ಡೆಲ್ಯುಕ್ 1921ರ ನವೆಂಬರಿನಲ್ಲಿ ಪ್ರದರ್ಶನ ಏರ್ಪಡಿಸಿದ. ಯುದ್ಧದ ಕಾಲದಿಂದ ಜರ್ಮನ್ ಚಿತ್ರಗಳಿಗೆ ಮುಚ್ಚಿದ್ದ ಬಾಗಿಲು ಇದರಿಂದ ತೆರೆಯಿತು. ಫ್ರೆಂಚರಲ್ಲಿ ಕ್ಯಾಲಿಗರಿಸಂ ಎಂಬ ಮಾತೇ ಬಳಕೆಗೆ ಬಂತು. 1958ರಲ್ಲಿ ಬ್ರಸೆಲ್ಸ್ ವಿಶ್ವ ಮೇಳದ ಸಂದರ್ಭದಲ್ಲಿ ಚಲನಚಿತ್ರ ಇತಿಹಾಸಕಾರರು ಆರಿಸಿದ ಸಾರ್ವಕಾಲಿಕ 12 ಶ್ರೇಷ್ಠ ಚಿತ್ರಗಳಲ್ಲಿ ಇದೂ ಒಂದು.

ಚೌಕಟ್ಟಿನ ವಿವಾದ

ಚಿತ್ರದ ಬಗ್ಗೆ ನಡೆದ ಅತಿದೊಡ್ಡ ಚರ್ಚೆ ಅದರ ಮೊದಲ ಮತ್ತು ಕೊನೆಯ ದೃಶ್ಯಗಳು ಕಥೆಗೆ ತೊಡಿಸಿದ ಚೌಕಟ್ಟಿನದು. ನಾಜಿ ಆಡಳಿತದಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ವಿಮರ್ಶಕ ಜೀಗ್ಫ್ರೀಡ್ ಕ್ರಾಕವರ್ 1947ರಲ್ಲಿ ಪ್ರಕಟಿಸಿದ ಕ್ಯಾಲಿಗರಿಯಿಂದ ಹಿಟ್ಲರ್‌ವರೆಗೆ ಎಂಬ ಗ್ರಂಥದಲ್ಲಿ ಇದನ್ನು ರಾಜಕೀಯವಾಗಿ ಓದಿದ. ಅವನ ಪ್ರಕಾರ ಮೂಲ ಕಥೆ ಮನುಷ್ಯರನ್ನು ನಿದ್ದೆಯಲ್ಲಿಟ್ಟು ಕೊಲ್ಲಲು ಕಳಿಸುವ ನಿರಂಕುಶ ಅಧಿಕಾರದ ವಿರುದ್ಧ ಬರೆದದ್ದು. ಚೌಕಟ್ಟನ್ನು ಸೇರಿಸಿದ್ದರಿಂದ ಅಧಿಕಾರವನ್ನು ಪ್ರಶ್ನಿಸಿದವನೇ ಹುಚ್ಚನಾಗಿ, ಅಧಿಕಾರ ದಯಾಳುವಾಗಿ ಕಾಣುವಂತಾಯಿತು. ಈ ವಾದಕ್ಕೆ ಯಾನೊವಿಟ್ಸ್‌ನ ಅಪ್ರಕಟಿತ ಬರಹ ಆಧಾರವಾಗಿತ್ತು. ಚೌಕಟ್ಟಿನ ಸಲಹೆ ತನ್ನದೆಂದು ಫ್ರಿಟ್ಜ್ ಲಾಂಗ್ ಹೇಳಿಕೊಂಡಿದ್ದಾನೆ. ಈ ಚಿತ್ರವನ್ನು ನಿರ್ದೇಶಿಸಲು ಮೊದಲು ಅವನನ್ನೇ ಕೇಳಲಾಗಿತ್ತು.

ವೆರ್ನರ್ ಕ್ರೌಸ್‌ನ ಬಳಿ ಉಳಿದಿದ್ದ ಚಿತ್ರಕಥೆಯ ಪ್ರತಿ 1970ರ ದಶಕದಲ್ಲಿ ಬರ್ಲಿನ್ನಿನ ಡಾಯ್ಚೆ ಕಿನೆಮಾಟೆಕ್ ಸೇರಿದ ಮೇಲೆ ಈ ವಾದ ಸಡಿಲವಾಯಿತು. ಆ ಪ್ರತಿಯಲ್ಲೂ ಒಂದು ಚೌಕಟ್ಟು ಇತ್ತು. ಫ್ರಾನ್ಸಿಸ್ ಮತ್ತು ಜೇನ್ ಮದುವೆಯಾಗಿ ನೆಮ್ಮದಿಯಿಂದಿದ್ದು, ಮನೆಗೆ ಬಂದ ಗೆಳೆಯರಿಗೆ ಇಪ್ಪತ್ತು ವರ್ಷಗಳ ಹಿಂದಿನ ಘಟನೆಗಳನ್ನು ಹೇಳುವುದು ಅದರ ಸ್ವರೂಪ. ಹುಚ್ಚಾಸ್ಪತ್ರೆಯ ತಿರುವು ಅದರಲ್ಲಿರಲಿಲ್ಲ ಎಂಬುದು ನಿಜ. ಆದರೆ ನೇರವಾಗಿದ್ದ ಕ್ರಾಂತಿಕಾರಿ ಕಥೆಗೆ ಹೊರಗಿನವರು ಚೌಕಟ್ಟು ತೊಡಿಸಿದರು ಎಂಬ ಮಾತು ನಿಲ್ಲದಾಯಿತು. ತೆರೆಯ ಮೇಲಿರುವ ಚಿತ್ರವೂ ಕ್ರಾಕವರ್ ಹೇಳಿದಷ್ಟು ವಿಧೇಯವಾಗಿಲ್ಲ. ಬದಲಾಗದೆ ಉಳಿದ ಅಂಗಳ, ಕೊನೆಗೆ ಕನ್ನಡಕ ತೊಟ್ಟು ನಿಲ್ಲುವ ವೈದ್ಯನ ಮುಖ ಅಧಿಕಾರದ ಮೇಲಿನ ಸಂಶಯವನ್ನು ಜೀವಂತವಾಗಿಡುತ್ತವೆ. 1920ರ ಚಿತ್ರವೊಂದು 1933ರ ನಾಜಿ ಆಡಳಿತವನ್ನು ಮೊದಲೇ ಕಂಡಿತ್ತು ಎನ್ನುವುದು ಇತಿಹಾಸವನ್ನು ಹಿಂದುಮುಂದು ಓದಿದಂತಾಗುತ್ತದೆ. ಅಪ್ಪಣೆಗೆ ಒಪ್ಪಿಸಿಕೊಂಡ ಮನಸ್ಸು ಏನೆಲ್ಲ ಮಾಡಬಲ್ಲದು ಎಂಬ ಆತಂಕ ಮಾತ್ರ, ಒಂದು ಯುದ್ಧವನ್ನು ಆಗಷ್ಟೇ ದಾಟಿದ್ದ ಜನರ ಸ್ವಂತ ಅನುಭವದಿಂದ ಬಂದದ್ದು.

ಚಿತ್ರದ ಹಿಂದಿದ್ದವರು

1933ರ ನಂತರ ಈ ತಂಡದ ಹಲವರು ದೇಶ ಬಿಟ್ಟರು. ವೀನೆ 1938ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ದಿ ಲಾಸ್ಟ್ ಲಾಫ್ (1924) ಮತ್ತು ಸನ್‌ರೈಸ್ (1927) ಚಿತ್ರಗಳನ್ನು ನಿರ್ದೇಶಕ ಮುರ್ನೌನಿಗಾಗಿ ಬರೆದ ಮಾಯರ್ 1944ರಲ್ಲಿ ಲಂಡನ್ನಿನಲ್ಲಿ, ಯಾನೊವಿಟ್ಸ್ 1954ರಲ್ಲಿ ನ್ಯೂಯಾರ್ಕಿನಲ್ಲಿ ಸತ್ತರು. ಪೊಮ್ಮರ್ ಕೂಡ ವಲಸೆ ಹೋದ. ಫೈಟ್ ಯೆಹೂದಿ ಹೆಂಡತಿಯೊಂದಿಗೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಹಾಲಿವುಡ್ ಸೇರಿ, ಕಾಸಬ್ಲಾಂಕಾ (1942) ಚಿತ್ರದಲ್ಲಿ ನಾಜಿ ಅಧಿಕಾರಿಯಾಗಿ ನಟಿಸಿದ, 1943ರಲ್ಲಿ ತೀರಿಕೊಂಡ. ಕ್ರೌಸ್ ಜರ್ಮನಿಯಲ್ಲೇ ಉಳಿದು, ಯೆಹೂದಿದ್ವೇಷ ಹರಡಲು ತಯಾರಾದ ಯೂದ್ ಸ್ಯೂಸ್ (1940) ಚಿತ್ರದಲ್ಲಿ ಹಲವು ಪಾತ್ರಗಳನ್ನು ವಹಿಸಿದ. ವಾರ್ಮ್ ಮುಂದೆ ಕಾರ್ಲ್ ಡ್ರೇಯರ್‌ನ ಜೋನ್ ಆಫ್ ಆರ್ಕ್ (1928) ಚಿತ್ರದ ಸೆಟ್‌ಗಳಲ್ಲಿ ಕೆಲಸ ಮಾಡಿದ. 1958ರ ಹನ್ನೆರಡರ ಪಟ್ಟಿಯಲ್ಲಿ ಅದೂ ಇತ್ತು, ಮಾಯರ್ ಬರೆದ ದಿ ಲಾಸ್ಟ್ ಲಾಫ್ ಕೂಡ ಇತ್ತು.

ಪ್ರಭಾವ

ಇದರ ಸೆಟ್‌ಗಳನ್ನು ಹಾಗೆಯೇ ಅನುಸರಿಸಿದ ಚಿತ್ರಗಳು ಕಡಿಮೆ. ವೀನೆಯದೇ ಗೆನುಯಿನೆ (1920) ಈ ದಾರಿಯಲ್ಲಿ ನಡೆದು ಸೋತಿತು. ಪೌಲ್ ಲೇನಿಯ ವ್ಯಾಕ್ಸ್‌ವರ್ಕ್ಸ್ (1924) ಕ್ರೌಸ್ ಮತ್ತು ಫೈಟ್ ಇಬ್ಬರನ್ನೂ ಜಾತ್ರೆಯ ಮೇಣದ ಬೊಂಬೆಗಳ ಕಥೆಯಲ್ಲಿ ಮತ್ತೆ ತಂದಿತು. ನೇರ ಅನುಕರಣೆಗಿಂತ ಆಳವಾಗಿ ಹರಡಿದ್ದು ಇದರ ಮನೋಭಾವ. ಮುರ್ನೌನ ನೊಸ್ಫೆರಾಟು (1922) ನೆರಳಿನ ಭೀತಿಯನ್ನು ಬಯಲಿಗೆ ತಂದಿತು. ಲಾಂಗ್‌ನ ಡಾಕ್ಟರ್ ಮಬುಸೆ (1922) ಸಮ್ಮೋಹನದಿಂದ ಜನರನ್ನು ಆಡಿಸುವ ಅಪರಾಧಿಯನ್ನು ಮಹಾನಗರದ ನಡುವೆ ನಿಲ್ಲಿಸಿತು. ಅವನದೇ ಎಂ (1931) ಕೊಲೆಗಾರನನ್ನು ಮೊದಲು ನೆರಳಾಗಿ ತೋರಿಸಿ, ಹೊಣೆಯ ಪ್ರಶ್ನೆಯನ್ನು ಮತ್ತೆ ಎತ್ತಿತು. ಹಾಲಿವುಡ್ಡಿನಲ್ಲಿ ಯುನಿವರ್ಸಲ್ ಸಂಸ್ಥೆಯ ಮರ್ಡರ್ಸ್ ಇನ್ ದಿ ರೂ ಮಾರ್ಗ್ (1932) ಜಾತ್ರೆಯ ಡೇರೆ, ಹುಚ್ಚು ವೈದ್ಯ, ಓರೆ ಮಾಡುಗಳನ್ನು ಬಹಿರಂಗವಾಗಿಯೇ ಬಳಸಿಕೊಂಡಿತು. ಟಿಮ್ ಬರ್ಟನ್‌ನ ಎಡ್ವರ್ಡ್ ಸಿಜರ್‌ಹ್ಯಾಂಡ್ಸ್ (1990) ಚಿತ್ರದ ನಾಯಕನಲ್ಲಿ ಚೇಸರೆಯ ಹೋಲಿಕೆಯನ್ನು ಅನೇಕರು ಗುರುತಿಸಿದ್ದಾರೆ. ಕೊನೆಯ ಗಳಿಗೆಯಲ್ಲಿ ಇಡೀ ಕಥೆಯನ್ನು ತಲೆಕೆಳಗು ಮಾಡುವ ಮನೋವೈಜ್ಞಾನಿಕ ರೋಚಕ ಚಿತ್ರಗಳೆಲ್ಲ ಈ ಚಿತ್ರದ ಸಂತತಿ.

ಪ್ರತಿಗಳು ಮತ್ತು ಪುನರುದ್ಧಾರ

ಜರ್ಮನಿಯಲ್ಲಿ ಮೊದಲು ಪ್ರದರ್ಶನಗೊಂಡ ಪ್ರತಿ ಈಗ ಉಳಿದಿಲ್ಲ. ಹಲವು ದಶಕಗಳ ಕಾಲ ಚಿತ್ರಸಮಾಜಗಳೂ ವಿದ್ಯಾರ್ಥಿಗಳೂ ನೋಡುತ್ತಿದ್ದದ್ದು ಬಣ್ಣ ಕಳೆದುಕೊಂಡ, ಮತ್ತೆ ಮತ್ತೆ ನಕಲಾಗಿ ವಿವರ ಮಾಸಿದ ಪ್ರತಿಗಳನ್ನು. 2014ರಲ್ಲಿ ವೀಸ್‌ಬಾಡೆನ್ನಿನ ಫ್ರೀಡ್ರಿಖ್ ವಿಲ್ಹೆಲ್ಮ್ ಮುರ್ನೌ ಪ್ರತಿಷ್ಠಾನ ಮೂಲ ಕ್ಯಾಮೆರಾ ನೆಗೆಟಿವ್‌ನಿಂದಲೇ 4ಕೆ ಡಿಜಿಟಲ್ ಪುನರುದ್ಧಾರವನ್ನು ಹೊರತಂದಿತು. ನೆಗೆಟಿವ್ ಜರ್ಮನಿಯ ಸರ್ಕಾರಿ ಚಲನಚಿತ್ರ ದಾಖಲೆಗಾರದಲ್ಲಿತ್ತು. ತಾಂತ್ರಿಕ ಕೆಲಸ ಇಟಲಿಯ ಬೊಲೋನ್ಯಾದಲ್ಲಿ ನಡೆಯಿತು. ಆರು ಅಂಕಗಳ ಈ ಚಿತ್ರದ ನೆಗೆಟಿವ್‌ನಲ್ಲಿ ಮೊದಲ ಅಂಕವೇ ಇರಲಿಲ್ಲ. ಅದನ್ನು ಬೇರೆ ಬೇರೆ ಪ್ರತಿಗಳಿಂದ ತುಂಬಲಾಯಿತು. ಬಣ್ಣಗಳಿಗೆ ಲ್ಯಾಟಿನ್ ಅಮೆರಿಕದಲ್ಲಿ ಉಳಿದಿದ್ದ ಎರಡು ಹಳೆಯ ನೈಟ್ರೇಟ್ ಪ್ರತಿಗಳು ಆಧಾರವಾದವು. ಬರಹದ ಫಲಕಗಳಿಗೆ ನೆಗೆಟಿವ್‌ನಲ್ಲಿದ್ದ ತುಣುಕುಗಳೂ 1935ರ 16 ಮಿ.ಮೀ. ಪ್ರತಿಯೊಂದೂ ನೆರವಾದವು. ಬರ್ಲಿನ್ ಚಿತ್ರೋತ್ಸವದಲ್ಲಿ ಇದು ಮೊದಲು ತೋರಿಸಲ್ಪಟ್ಟಾಗ ಅಮೆರಿಕದ ಸಂಗೀತಗಾರ ಜಾನ್ ಜಾರ್ನ್ ಫಿಲ್‌ಹಾರ್ಮನಿ ಸಭಾಂಗಣದ ಆರ್ಗನ್‌ನಲ್ಲಿ ಸ್ಥಳದಲ್ಲೇ ಸಂಗೀತ ನುಡಿಸಿದ.

ಇಂದಿನ ನೋಟ

ಇಂದು ಈ ಚಿತ್ರ ಡಿಸ್ಕ್‌ಗಳಲ್ಲೂ ಅಂತರಜಾಲದಲ್ಲೂ ಹಲವು ರೂಪಗಳಲ್ಲಿ ಸಿಗುತ್ತದೆ. ಯಾವ ರೂಪವನ್ನು ನೋಡುತ್ತೇವೆ ಎಂಬುದರ ಮೇಲೆ ಅನುಭವವೇ ಬೇರೆಯಾಗುತ್ತದೆ. ಸರಿಯಾದ ವೇಗದಲ್ಲಿ ಚಿತ್ರದ ಅವಧಿ ಸುಮಾರು ಒಂದೂಕಾಲು ಗಂಟೆ. ಮೂಕಿ ಚಿತ್ರವನ್ನು ವಾಕ್ಚಿತ್ರದ ವೇಗವಾದ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡಿಸಿದರೆ ಒಂದು ಗಂಟೆಯೊಳಗೇ ಮುಗಿದು, ಫೈಟ್‌ನ ನಿಧಾನ ನಡೆ ಗಡಿಬಿಡಿಯ ಕುಣಿತವಾಗುತ್ತದೆ. ಬಣ್ಣವಿಲ್ಲದ ಮಾಸಲು ಪ್ರತಿಯಲ್ಲಿ ಸೆಟ್ಟಿನ ಮೇಲಿನ ಕುಂಚದ ಗೆರೆಗಳು ಕಾಣುವುದಿಲ್ಲ. ಹೊಸ ಪ್ರತಿಯಲ್ಲಿ ಬಟ್ಟೆಯ ಮೇಲಿನ ಬಣ್ಣದ ಒರಟುತನವೂ ಕಾಣುತ್ತದೆ. ಸಂಗೀತವೂ ಪ್ರತಿಯಿಂದ ಪ್ರತಿಗೆ ಬೇರೆ. ಒಂದು ಪ್ರತಿಯಲ್ಲಿ ಭಯ ಹುಟ್ಟಿಸಿದ ದೃಶ್ಯ ಇನ್ನೊಂದರಲ್ಲಿ ದುಃಖ ಹುಟ್ಟಿಸಬಹುದು.

ಬೆಚ್ಚಿಬೀಳಿಸುವ ಗಳಿಗೆಗಳಿಗೆ ಒಗ್ಗಿದ ಇಂದಿನ ಪ್ರೇಕ್ಷಕನಿಗೆ ಇದರ ಲಯ ಮೊದಲಿಗೆ ನಿಧಾನ ಅನ್ನಿಸುತ್ತದೆ. ಸೆಟ್ಟು ಬರೆದದ್ದೆಂದು ತಕ್ಷಣ ತಿಳಿಯುತ್ತದೆ. ಆದರೆ ಅದನ್ನು ಮರೆಮಾಚಲು ಚಿತ್ರ ಎಲ್ಲೂ ಪ್ರಯತ್ನಿಸಿಲ್ಲ. ನೈಜವೆಂದು ನಂಬಿಸಲು ಹೊರಟ ಎಷ್ಟೋ ತಂತ್ರಚಮತ್ಕಾರಗಳು ಹಳತಾಗಿ ಹೋದರೂ, ಮೊದಲಿನಿಂದಲೇ ಚಿತ್ರಲೋಕವೆಂದು ಒಪ್ಪಿಕೊಂಡ ಇದರ ಓಣಿಗಳು ಹಳತಾಗಿಲ್ಲ.

ಕಾಲದ ಮಿತಿಗಳೂ ಇವೆ. ಮನೋರೋಗವನ್ನು ಕಥೆಯ ತಿರುವಿಗಾಗಿ ಬಳಸಿರುವುದು, ಆಸ್ಪತ್ರೆಯನ್ನು ಭಯದ ತಾಣವಾಗಿ ಚಿತ್ರಿಸಿರುವುದು ಇಂದಿನ ತಿಳಿವಳಿಕೆಗೆ ಒಗ್ಗುವುದಿಲ್ಲ. ಜೇನ್‌ಗೆ ಹೆದರುವುದು, ಮೂರ್ಛೆ ಹೋಗುವುದು ಬಿಟ್ಟು ಹೆಚ್ಚಿನ ಕೆಲಸವಿಲ್ಲ. ಇನ್ನೊಂದು ಕಡೆ, ರೋಗಿಯ ಮೇಲೆ ವೈದ್ಯನಿಗಿರುವ ಅಧಿಕಾರ, ಒಪ್ಪಿಗೆಯಿಲ್ಲದ ಪ್ರಯೋಗ, ಒಬ್ಬ ರೋಗಿಯ ದೂರನ್ನು ಅವನ ರೋಗದ ಲಕ್ಷಣವೆಂದೇ ತಳ್ಳಿಹಾಕುವ ಸುಲಭ ಮಾರ್ಗ ಇವನ್ನು ಚಿತ್ರ ಎತ್ತಿದ ರೀತಿ ಈಗಲೂ ಹರಿತವಾಗಿದೆ. ಎರಡನೆಯ ಸಲ ನೋಡಿದಾಗ ಚಿತ್ರ ಇನ್ನಷ್ಟು ಬಲವಾಗುವುದು ಈ ಕಾರಣಕ್ಕೆ. ಮೊದಲ ನೋಟದಲ್ಲಿ ಕೊಲೆಗಾರ ಯಾರು ಎಂದು ಹುಡುಕಿದ ನೋಡುಗ, ಎರಡನೆಯ ನೋಟದಲ್ಲಿ ಯಾರ ಮಾತನ್ನು ಯಾವ ಆಧಾರದ ಮೇಲೆ ನಂಬುತ್ತಿದ್ದೇನೆ ಎಂದು ಪರೀಕ್ಷಿಸತೊಡಗುತ್ತಾನೆ. ಅಪರಾಧ ಚಿತ್ರವೊಂದು ತನ್ನ ಪ್ರೇಕ್ಷಕನನ್ನೇ ಹೀಗೆ ತನಿಖೆಯೊಳಗೆ ತಂದದ್ದು ಸಿನಿಮಾ ಕಲೆಗೆ ಇದು ಕೊಟ್ಟ ದೊಡ್ಡ ಕೊಡುಗೆ.